ಹಗ್ಗ ಹಿಡಿದವರ ಹೊಣೆ

ಮನೆಮಾರು ತೊರೆದು ದೂರದೇಶಕ್ಕೆ ಹೋದ ಮಿಶನರಿಗಳು ನಡುದಾರಿಯಲ್ಲಿ ಮರಳುವುದೇಕೆ? ಅವರನ್ನು ಕಳುಹಿಸಿಕೊಟ್ಟವರ ಕರ್ತವ್ಯವೇನು?

೧೮೯೨ರಲ್ಲಿ ಅರುವತ್ತು ವರ್ಷ ವಯಸ್ಸಿನ ಜರ್ಮನ್ ಪಾದ್ರಿಯೊಬ್ಬರು ಕನ್ನಡನಾಡಿಗೆ ವಿದಾಯ ಹೇಳಿ ಸ್ವದೇಶಕ್ಕೆ ಹೊರಟರು. ಆಯುಷ್ಯದ ಉತ್ತಮ ಭಾಗವನ್ನೆಲ್ಲ ಧಾರೆಯೆರೆದು ಅವರು ಸಿದ್ಧಪಡಿಸಿದ ಮಹಾಗ್ರಂಥ ಆಗಿನ್ನೂ ಬೆಳಕು ಕಂಡಿರಲಿಲ್ಲ. ಎರಡು ವರ್ಷಗಳ ತರುವಾಯ, ೧೮೯೪ರಲ್ಲಿ, ಅದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಾಗ ಅದರ ಕರ್ತೃ ಸಾವಿರಾರು ಮೈಲುಗಳ ಆಚೆ ಇದ್ದರು. ಆ ಗ್ರಂಥವೇ ಕನ್ನಡ–ಇಂಗ್ಲಿಷ್ ನಿಘಂಟು. ಆ ಪಾದ್ರಿಯೇ ಫರ್ಡಿನೆಂಡ್ ಕಿಟ್ಟೆಲ್.

ಕಿಟ್ಟೆಲರ ನಿಘಂಟನ್ನು ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಈ ನಾಡಿಗೆ ಬಂದ ಆ ತರುಣನು ಇಲ್ಲಿ ಏನನ್ನು ಕಳೆದುಕೊಂಡನು, ಅವನನ್ನು ಉಳಿಸಿದ್ದು ಯಾವುದು, ಕೊನೆಗೆ ಕಳುಹಿಸಿದ್ದು ಯಾವುದು ಎಂಬುದನ್ನು ವಿಚಾರಿಸುವವರು ವಿರಳ. ಕಿಟ್ಟೆಲರೊಬ್ಬರ ಮಾತಲ್ಲ ಇದು. ಕಳೆದ ಎರಡು ಶತಮಾನಗಳಲ್ಲಿ ಹೀಗೆ ಬಂದವರು ಅಸಂಖ್ಯರು, ಮರಳಿದವರೂ ಅಸಂಖ್ಯರು.

ಮತಾಂತರದ ಪ್ರಶ್ನೆಯಲ್ಲಿ ವಾಚಕರಿಗೆ ಭಿನ್ನಭಿನ್ನ ಅಭಿಪ್ರಾಯಗಳಿರಬಹುದು. ಇರುವುದು ಸಹಜವೂ ಹೌದು. ಇಲ್ಲಿ ನಾವು ಎತ್ತಿಕೊಂಡಿರುವುದು ಆ ವಿವಾದವನ್ನಲ್ಲ. ತನ್ನವರನ್ನು ಬಿಟ್ಟು, ತಾನರಿಯದ ಭಾಷೆಯ ಜನರ ನಡುವೆ ದುಡಿಯಲು ಹೊರಟ ಮನುಷ್ಯನ ಪಾಡೇನು, ಅವನನ್ನು ಹರಸಿ ಕಳುಹಿಸಿದವರ ಪಾಲಿನ ಕೆಲಸವೇನು ಎಂಬುದಷ್ಟೇ ಇಲ್ಲಿಯ ವಿಚಾರ.

ಬಾವಿಗಿಳಿದವನು, ಮೇಲೆ ನಿಂತವನು

ಆಧುನಿಕ ಪ್ರಾಟೆಸ್ಟೆಂಟ್ ಮಿಶನ್ ಚಳವಳಿಯ ಆದ್ಯರಲ್ಲಿ ಒಬ್ಬರಾದ ವಿಲಿಯಂ ಕೇರಿ ೧೭೯೩ರಲ್ಲಿ ಇಂಗ್ಲೆಂಡಿನಿಂದ ಬಂಗಾಳಕ್ಕೆ ಬಂದರು. ಮುಂದೆ ೧೮೧೭ರಲ್ಲಿ ಶ್ರೀರಾಮಪುರದಿಂದ ಕನ್ನಡ ವ್ಯಾಕರಣವೊಂದನ್ನು ಪ್ರಕಟಿಸಿದವರೂ ಇವರೇ. ಅವರು ಹೊರಡುವ ಕಾಲದಲ್ಲಿ ಗೆಳೆಯರ ನಡುವೆ ನಡೆದ ಒಪ್ಪಂದವನ್ನು ಮಿಶನ್ ಇತಿಹಾಸದಲ್ಲಿ ಇಂದಿಗೂ ನೆನೆಯುತ್ತಾರೆ. ಆಳವಾದ ಗಣಿಯೊಂದಕ್ಕೆ ತಾನು ಇಳಿಯಲು ಸಿದ್ಧ, ಆದರೆ ಮೇಲಿರುವವರು ಹಗ್ಗವನ್ನು ಬಿಡದೆ ಹಿಡಿದಿರಬೇಕು ಎಂಬುದು ಆ ಒಪ್ಪಂದದ ಸಾರ. ಬಾವಿಯ ಹೂಳೆತ್ತುವುದನ್ನು ಕಂಡ ನಮ್ಮ ಹಳ್ಳಿಗರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಳಿದವನ ಧೈರ್ಯ ಎಷ್ಟಿದ್ದರೇನು, ಮೇಲೆ ನಿಂತವನ ಮುಷ್ಟಿ ಸಡಿಲವಾದರೆ ಎಲ್ಲವೂ ಮುಗಿಯಿತು.

ಹಗ್ಗ ಹಿಡಿದವರಲ್ಲಿ ಮುಖ್ಯರು ಆಂಡ್ರೂ ಫುಲ್ಲರ್. ಬ್ಯಾಪ್ಟಿಸ್ಟ್ ಮಿಶನ್ ಸಂಘದ ಕಾರ್ಯದರ್ಶಿಯಾಗಿ ೧೭೯೨ರಿಂದ ೧೮೧೫ರಲ್ಲಿ ತಾವು ತೀರಿಕೊಳ್ಳುವವರೆಗೆ ಅವರು ಈ ಭಾರವನ್ನು ಹೊತ್ತರು. ೧೮೧೨ರ ಮಾರ್ಚ್ ತಿಂಗಳಲ್ಲಿ ಶ್ರೀರಾಮಪುರದ ಮುದ್ರಣಾಲಯ ಬೆಂಕಿಗೆ ಆಹುತಿಯಾಯಿತು. ಅಚ್ಚುಮೊಳೆಗಳು, ಕಾಗದ, ವರ್ಷಗಟ್ಟಲೆ ದುಡಿದು ಬರೆದ ಹಸ್ತಪ್ರತಿಗಳು ಒಂದೇ ರಾತ್ರಿಯಲ್ಲಿ ಬೂದಿಯಾದುವು. ಸುದ್ದಿ ಇಂಗ್ಲೆಂಡನ್ನು ಮುಟ್ಟಿದ ಎರಡು ತಿಂಗಳ ಒಳಗಾಗಿ ಸುಮಾರು ಹತ್ತು ಸಾವಿರ ಪೌಂಡುಗಳು ಕೂಡಿಬಂದುವು. ಹಗ್ಗ ಹಿಡಿಯುವುದೆಂದರೆ ಇದು.

ಆದರೆ ಫುಲ್ಲರ್ ಕಾಲವಾದ ಮೇಲಿನ ಕಥೆ ಬೇರೆ. ಸಂಘದ ಆಡಳಿತಕ್ಕೆ ಬಂದ ಹೊಸಬರಿಗೆ ಕೇರಿಯವರ ಮುಖಪರಿಚಯವಿರಲಿಲ್ಲ. ಶ್ರೀರಾಮಪುರದ ಆಸ್ತಿ ಯಾರದು, ಅಧಿಕಾರ ಯಾರದು ಎಂಬ ಪತ್ರಯುದ್ಧ ಆರಂಭವಾಯಿತು. ಹೊಸದಾಗಿ ಬಂದ ಕಿರಿಯ ಮಿಶನರಿಗಳು ಹಿರಿಯರೊಡನೆ ಹೊಂದಿಕೊಳ್ಳಲಾರದೆ ಕಲಕತ್ತೆಯಲ್ಲಿ ಬೇರೆ ನೆಲೆ ಮಾಡಿಕೊಂಡರು. ಕಡೆಗೆ ೧೮೨೭ರಲ್ಲಿ ಶ್ರೀರಾಮಪುರದವರೂ ಮಾತೃಸಂಘವೂ ಬೇರ್ಪಟ್ಟುವು. ಜ್ವರ, ಬೆಂಕಿ, ಬಡತನ ಯಾವುದೂ ಮುರಿಯಲಾರದ ಬಾಂಧವ್ಯವನ್ನು ಪರಸ್ಪರ ಅಪನಂಬಿಕೆಯ ಕಾಗದಗಳು ಮುರಿದುವು.

ರೋಗ ಮತ್ತು ಮರಣ

ಇನ್ನು ನಮ್ಮ ನಾಡಿಗೆ ಬರೋಣ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ ಸಂಸ್ಥೆಯ ಮೊದಲ ಮೂವರು ಮಿಶನರಿಗಳು ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದರು. ಹೇಬಿಕ್, ಲೆಹ್ನರ್, ಗ್ರೈನರ್ ಎಂಬುವು ಅವರ ಹೆಸರುಗಳು. ಅವರ ಬೆನ್ನಿಗೆ ಬಂದವರಲ್ಲಿ ಹರ್ಮನ್ ಮೋಗ್ಲಿಂಗ್ ಒಬ್ಬರು. ೧೮೪೩ರ ಜುಲೈ ೧ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕಾಲೋಕಕ್ಕೆ ನಾಂದಿ ಹಾಡಿದ ಪುಣ್ಯ ಇವರದು.

ಆ ಕಾಲದ ಮಿಶನರಿಯ ಮೊದಲ ಶತ್ರು ಹವಾಮಾನ. ಮಲೇರಿಯಾ, ವಾಂತಿಭೇದಿ, ಆಮಶಂಕೆಗಳಿಗೆ ತಕ್ಕ ಔಷಧವಿಲ್ಲದ ದಿನಗಳು ಅವು. ಹೇಬಿಕರು ಇಪ್ಪತ್ತೈದು ವರ್ಷ ದುಡಿದು ೧೮೫೯ರಲ್ಲಿ ಜರ್ಜರಿತ ದೇಹದೊಡನೆ ಮರಳಿದರು. ಮಲೆಯಾಳ ಭಾಷೆಗೆ ನಿಘಂಟನ್ನಿತ್ತ ಹರ್ಮನ್ ಗುಂಡರ್ಟರನ್ನು ರೋಗ ಅದೇ ವರ್ಷ ತಾಯ್ನಾಡಿಗೆ ಅಟ್ಟಿತು. ಮೋಗ್ಲಿಂಗರ ಸಹೋದ್ಯೋಗಿ ವೀಗ್ಲೆ ೧೮೫೫ರಲ್ಲಿ ಅಕಾಲದಲ್ಲಿ ತೀರಿಕೊಂಡರು. ಅವರ ವಿಧವೆ ಪೌಲಿನಾರನ್ನು ಮೋಗ್ಲಿಂಗರು ವಿವಾಹವಾದರು. ಆಕೆಯ ಆರೋಗ್ಯ ಕೆಟ್ಟು, ೧೮೬೦ರಲ್ಲಿ ದಂಪತಿಗಳು ಭಾರತವನ್ನು ಬಿಡಬೇಕಾಯಿತು. ಇಪ್ಪತ್ತನಾಲ್ಕು ವರ್ಷಗಳ ಕಾಲ ಮಂಗಳೂರು, ಧಾರವಾಡ, ಕೊಡಗುಗಳಲ್ಲಿ ಓಡಾಡಿದ ಮೋಗ್ಲಿಂಗರು ಮತ್ತೆ ಈ ನೆಲವನ್ನು ಕಾಣಲಿಲ್ಲ.

ಕಿಟ್ಟೆಲರ ಮೊದಲ ಪತ್ನಿ ಪೌಲಿನಾ ಐಟ್ ಮದುವೆಯಾಗಿ ನಾಲ್ಕೇ ವರ್ಷಗಳಲ್ಲಿ, ೧೮೬೪ರಲ್ಲಿ, ಅಸುನೀಗಿದರು. ತಾಯಿಯಿಲ್ಲದ ಮಕ್ಕಳನ್ನು ಎದುರಿಗಿಟ್ಟುಕೊಂಡ ಆ ಮನುಷ್ಯ ಆಗಲೇ ಹಡಗು ಹತ್ತಿದ್ದರೆ ಅವರನ್ನು ದೂರುವವರು ಯಾರು? ಅವರು ದೂರ ಹೋದದ್ದೂ ಉಂಟು, ಮತ್ತೆ ಬಂದದ್ದೂ ಉಂಟು. ನಿಘಂಟಿನ ಕಾರ್ಯ ಅವರನ್ನು ಮರಳಿ ಕರೆತಂದಿತು. ಒಬ್ಬನಿಗೆ ತನ್ನ ಶಕ್ತಿಗೆ ತಕ್ಕ ಕೆಲಸ ದೊರೆತು, ಅದನ್ನು ಮಾಡಲು ಬೇಕಾದ ಅವಕಾಶವೂ ದೊರೆತರೆ ಅವನು ಎಂಥ ನೋವನ್ನೂ ತಡೆದುಕೊಂಡು ನಿಲ್ಲಬಲ್ಲನೆಂಬುದಕ್ಕೆ ಆ ನಿಘಂಟಿನ ಸುಮಾರು ಎಪ್ಪತ್ತು ಸಾವಿರ ಶಬ್ದಗಳೇ ಸಾಕ್ಷಿ.

ಮಕ್ಕಳ ಕಣ್ಣೀರು

ಹೊರಗಿನವರ ಕಣ್ಣಿಗೆ ಬೀಳದ ಇನ್ನೊಂದು ಸಂಕಟವುಂಟು, ಅದು ಮಕ್ಕಳದು. ಅಂದಿನ ಬಾಸೆಲ್ ಮಿಶನರಿ ತನ್ನ ಇಚ್ಛೆಯಂತೆ ಮದುವೆಯಾಗುವಂತಿರಲಿಲ್ಲ. ಮೇಲಿನ ಸಮಿತಿಯ ಅಪ್ಪಣೆ ಬೇಕಾಗಿತ್ತು. ಎಷ್ಟೋ ವೇಳೆ ವರನ ಮುಖವನ್ನೇ ಕಾಣದ ವಧು ಹಡಗಿನಲ್ಲಿ ಬಂದಿಳಿಯುತ್ತಿದ್ದಳು. ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿಗೆ ಬರುತ್ತಲೇ ಯೂರೋಪಿಗೆ ಕಳುಹಿಸಬೇಕು. ಅವರಿಗಾಗಿ ಬಾಸೆಲಿನಲ್ಲಿ ಮಕ್ಕಳ ನಿಲಯವನ್ನು ಕಟ್ಟಿದ್ದರು. ಹವಾಮಾನದ ಭಯ, ವಿದ್ಯಾಭ್ಯಾಸದ ಚಿಂತೆ ಇವು ಈ ಪದ್ಧತಿಗೆ ಕಾರಣಗಳು. ಕಾರಣಗಳೇನೋ ಸಾಧುವಾದವು, ಆದರೆ ಹಡಗುಕಟ್ಟೆಯಲ್ಲಿ ಆರು ವರ್ಷದ ಕೂಸನ್ನು ಬೀಳ್ಕೊಟ್ಟ ತಾಯಿಗೆ ಯಾವ ಕಾರಣ ಸಮಾಧಾನ ಕೊಟ್ಟೀತು?

ಗುಂಡರ್ಟರ ಮಗಳು ಮಾರಿ ಹುಟ್ಟಿದ್ದು ೧೮೪೨ರಲ್ಲಿ, ತಲಚೇರಿಯಲ್ಲಿ. ನಾಲ್ಕೈದು ವರ್ಷದ ಮಗುವಾಗಿದ್ದಾಗ ಅವಳನ್ನು ಯೂರೋಪಿನಲ್ಲಿ ಬಿಟ್ಟು ತಂದೆತಾಯಿಗಳು ಭಾರತಕ್ಕೆ ಮರಳಿದರು. ಮತ್ತೆ ಅವಳು ಅವರ ಬಳಿಗೆ ಬಂದುದು ೧೮೫೭ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ. ಮುಂದೆ ಮಿಶನರಿಯೊಬ್ಬರನ್ನು ಮದುವೆಯಾಗಿ, ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ ಆಕೆ ಕಾಲ್ವ್ ಎಂಬ ಜರ್ಮನ್ ಊರಿನಲ್ಲಿದ್ದ ತಂದೆಯ ಮನೆಯನ್ನು ಸೇರಿದಳು. ಅಲ್ಲಿಗೆ ಬಂದ ಇನ್ನೊಬ್ಬ ಮಿಶನರಿ ಯೊಹಾನ್ನೆಸ್ ಹೆಸ್ಸೆ ಮಂಗಳೂರಿನಲ್ಲಿ ಕೆಲಕಾಲ ದುಡಿದು ಆರೋಗ್ಯ ಕೆಟ್ಟು ೧೮೭೩ರಲ್ಲಿ ಮರಳಿದ್ದವರು. ೧೮೭೪ರಲ್ಲಿ ಇಬ್ಬರ ವಿವಾಹವಾಯಿತು. ‘ಸಿದ್ಧಾರ್ಥ’ವನ್ನು ಬರೆದು ಲೋಕಖ್ಯಾತನಾದ ಹರ್ಮನ್ ಹೆಸ್ಸೆ ಇವರ ಮಗ. ಮಿಶನ್ ಕ್ಷೇತ್ರವನ್ನು ಬಿಟ್ಟು ಬಂದವರ ಮನೆಯಲ್ಲಿ ಭಾರತದ ನೆನಪು ಹೇಗೆ ಉಳಿದಿತ್ತೆಂಬುದನ್ನು ಆತನ ಬರಹಗಳು ತೋರುತ್ತವೆ.

ಮಕ್ಕಳ ಸಮಸ್ಯೆಗೆ ಇಪ್ಪತ್ತನೆಯ ಶತಮಾನ ಬೇರೊಂದು ದಾರಿಯನ್ನು ಹುಡುಕಿತು. ತಂಪಾದ ಗಿರಿಧಾಮಗಳಲ್ಲಿ ಅವರಿಗಾಗಿಯೇ ಶಾಲೆಗಳು ಹುಟ್ಟಿಕೊಂಡವು. ೧೯೦೧ರಲ್ಲಿ ಕೊಡೈಕೆನಾಲಿನಲ್ಲಿ ಅಮೆರಿಕನ್ ಮಿಶನರಿಗಳು ತೆರೆದ ಶಾಲೆ ಅಂಥದೊಂದು. ವರ್ಷಕ್ಕೊಮ್ಮೆಯಾದರೂ ಮಕ್ಕಳ ಮುಖ ಕಾಣುವಂತಾಯಿತು. ಶಾಲೆಯ ಏರ್ಪಾಡೂ ಮಿಶನ್ ಕಾರ್ಯದ ಒಂದು ಅಂಗವೆಂಬ ಅರಿವು ಮೂಡಲು ಇಷ್ಟು ಕಾಲ ಹಿಡಿಯಿತು.

ಮಡದಿಯ ಮನಸ್ಸನ್ನರಿಯದೆ ಹೊರಟವರ ಸಂಸಾರದ ಕಥೆಯೂ ಕರುಣಾಜನಕವಾದದ್ದು. ಕೇರಿಯವರ ಪತ್ನಿ ಡೊರೊಥಿ ಮೊದಲು ಹೊರಡಲು ಒಪ್ಪಿರಲಿಲ್ಲ, ಕಡೆಗಳಿಗೆಯಲ್ಲಿ ಒಪ್ಪಿಸಲ್ಪಟ್ಟರು. ಬಂಗಾಳದಲ್ಲಿ ಐದು ವರ್ಷದ ಮಗ ತೀರಿಕೊಂಡ ಮೇಲೆ ಆಕೆಯ ಚಿತ್ತಸ್ವಾಸ್ಥ್ಯ ಕದಡಿತು. ೧೮೦೭ರಲ್ಲಿ ಸಾಯುವವರೆಗೂ ಅದು ಸರಿಹೋಗಲಿಲ್ಲ. ಕೇರಿ ಮರಳಲಿಲ್ಲ, ನಿಜ. ಅವರ ನಿಲುಗಡೆಗೆ ಬೆಲೆ ತೆತ್ತವರು ಯಾರೆಂಬುದನ್ನು ಮಾತ್ರ ಮರೆಯಬಾರದು.

ಭರವಸೆ ಬತ್ತಿದಾಗ

ಕೆಲವರನ್ನು ರೋಗವೂ ಅಟ್ಟಲಿಲ್ಲ, ಸಂಸಾರವೂ ಸೆಳೆಯಲಿಲ್ಲ. ಅವರು ತಮ್ಮ ಕೆಲಸದಲ್ಲೇ ನಂಬಿಕೆಯನ್ನು ಕಳೆದುಕೊಂಡರು. ಇದಕ್ಕೆ ನಮ್ಮ ಮೈಸೂರು ಸೀಮೆಯಲ್ಲಿಯೇ ಒಂದು ನಿದರ್ಶನವಿದೆ.

ಫ್ರೆಂಚ್ ಕಥೋಲಿಕ ಪಾದ್ರಿ ಅಬ್ಬೆ ದುಬೋಯಿ ಭಾರತಕ್ಕೆ ಬಂದುದು ೧೭೯೨ರಲ್ಲಿ. ಶ್ರೀರಂಗಪಟ್ಟಣದ ಪತನಾನಂತರ ಅವರು ಮೈಸೂರು ಸೀಮೆಯ ಕ್ರೈಸ್ತರ ಮೇಲ್ವಿಚಾರಣೆಗೆ ನಿಂತರು. ಈ ದೇಶದ ಉಡುಪನ್ನು ಧರಿಸಿ, ಇಲ್ಲಿಯ ಊಟ ಉಪಚಾರಗಳನ್ನು ಅನುಸರಿಸಿ, ಜನರ ಬಾಯಲ್ಲಿ ‘ದೊಡ್ಡ ಸ್ವಾಮಿ’ಗಳೆನಿಸಿದರು. ಹಾಸನ ಜಿಲ್ಲೆಯ ಸಾತಳ್ಳಿಯಲ್ಲಿ ಒಕ್ಕಲುತನದ ನೆಲೆಯನ್ನು ಏರ್ಪಡಿಸಿದರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕಾರ್ಯದಲ್ಲಿ ಮುಂದಾಗಿ ನಿಂತರು. ಇಷ್ಟಾಗಿಯೂ ಮೂವತ್ತೊಂದು ವರ್ಷಗಳ ಮೇಲೆ, ೧೮೨೩ರಲ್ಲಿ, ಅವರು ಸ್ವದೇಶಕ್ಕೆ ಹೊರಟರು. ಹಿಂದೂಗಳನ್ನು ಕ್ರೈಸ್ತಮತಕ್ಕೆ ತಿರುಗಿಸುವುದು ಅಂದಿನ ಪರಿಸ್ಥಿತಿಯಲ್ಲಿ ಸಾಧ್ಯವೇ ಇಲ್ಲವೆಂದು ಅದೇ ವರ್ಷ ಪುಸ್ತಕ ರೂಪದ ಪತ್ರಗಳಲ್ಲಿ ಸಾರಿದರು. ಇತರ ಮಿಶನರಿಗಳು ಕೆರಳಿ ಉತ್ತರಗಳನ್ನು ಬರೆದರು.

ಯಾರ ವಾದ ಸರಿ ಎಂಬುದು ಒತ್ತಟ್ಟಿಗಿರಲಿ. ಮೂವತ್ತು ವರ್ಷಗಳ ಕಾಲ ಒಬ್ಬ ಮನುಷ್ಯನ ಎದೆಯಲ್ಲಿ ಬೆಳೆಯುತ್ತಿದ್ದ ಸಂದೇಹವನ್ನು ತಾಳ್ಮೆಯಿಂದ ಕೇಳಿಕೊಳ್ಳಬಲ್ಲವರು ಬಳಿಯಲ್ಲಿ ಎಷ್ಟು ಮಂದಿ ಇದ್ದಿರಬಹುದು? ದುಬೋಯಿಯವರನ್ನು ಅವರ ಸಂಸ್ಥೆ ಕೈಬಿಡಲಿಲ್ಲವೆಂಬುದು ಮೆಚ್ಚತಕ್ಕ ಸಂಗತಿ. ಪ್ಯಾರಿಸ್ಸಿನಲ್ಲಿ ಅವರು ತಮ್ಮ ಮಿಶನ್ ಸಂಘದ ಗುರುಮಠದ ಮುಖ್ಯಸ್ಥರಾಗಿ, ೧೮೪೮ರಲ್ಲಿ ಗತಿಸುವ ತನಕ ಗೌರವದಿಂದ ಬಾಳಿದರು.

ಇದಲ್ಲದೆ, ಬೇಕೆಂದರೂ ಉಳಿಯಗೊಡದ ಕಾಲವೂ ಬರುವುದುಂಟು. ೧೯೧೪ರಲ್ಲಿ ಮೊದಲ ಮಹಾಯುದ್ಧ ಸಿಡಿಯಿತು. ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳು ಬ್ರಿಟಿಷ್ ಸರಕಾರದ ದೃಷ್ಟಿಯಲ್ಲಿ ಶತ್ರುಪ್ರಜೆಗಳಾದರು. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿ ಇರಿಸಿ, ೧೯೧೫–೧೬ರಲ್ಲಿ ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ಸ್ವದೇಶಕ್ಕೆ ರವಾನಿಸಿದರು. ಸ್ವಾತಂತ್ರ್ಯಾನಂತರದ ಭಾರತದಲ್ಲಿ ವಿದೇಶೀ ಮಿಶನರಿಗಳಿಗೆ ಪ್ರವೇಶಾನುಮತಿ ಕ್ರಮೇಣ ಬಿಗಿಯಾಯಿತು. ಇಂಥ ಮರಳುವಿಕೆಗೆ ಮದ್ದಿಲ್ಲ. ಮದ್ದಿರುವುದು ಉಳಿದವಕ್ಕೆ.

ಲೆಕ್ಕ ಏನು ಹೇಳುತ್ತದೆ?

ಉಳಿದವುಗಳ ಪ್ರಮಾಣವೆಷ್ಟು ಎಂಬುದನ್ನು ೧೯೯೦ರ ದಶಕದಲ್ಲಿ ಭಾರತವೂ ಸೇರಿದಂತೆ ೧೪ ದೇಶಗಳಲ್ಲಿ ಕ್ರಮವಾಗಿ ಪರಿಶೀಲಿಸಲಾಯಿತು. ಆ ಅಧ್ಯಯನದ ಫಲವಾಗಿ ೧೯೯೭ರಲ್ಲಿ ಹೊರಬಂದ ಪುಸ್ತಕದ ಹೆಸರಿಗೆ ‘ಕಳೆದುಕೊಳ್ಳಲಾಗದಷ್ಟು ಅಮೂಲ್ಯರು’ ಎಂದು ಅರ್ಥ. ಅದರಂತೆ ಪ್ರತಿವರ್ಷ ಸುಮಾರು ಇಪ್ಪತ್ತು ಮಂದಿ ಮಿಶನರಿಗಳಲ್ಲಿ ಒಬ್ಬರು, ಎಂದರೆ ಶೇಕಡ ೫.೧ ರಷ್ಟು ಜನ, ಕ್ಷೇತ್ರವನ್ನು ಬಿಟ್ಟು ಮರಳುತ್ತಿದ್ದರು. ಹಾಗೆ ಮರಳಿದವರಲ್ಲಿ ಶೇಕಡ ೭೧ ಮಂದಿಯ ಕಾರಣಗಳು ತಡೆಯಬಹುದಾದವುಗಳಾಗಿದ್ದವು. ವೃದ್ಧಾಪ್ಯ, ಮರಣ ಮುಂತಾದ ಅನಿವಾರ್ಯಗಳು ಉಳಿದ ಭಾಗ ಮಾತ್ರ.

ಅಮೆರಿಕ, ಬ್ರಿಟನ್, ಜರ್ಮನಿಗಳಂತಹ ಹಳೆಯ ದೇಶಗಳಿಂದ ಹೋದವರಲ್ಲಿ ನಿವೃತ್ತಿಯನ್ನು ಬಿಟ್ಟರೆ ಮಕ್ಕಳ ಚಿಂತೆ, ಉದ್ಯೋಗದ ಬದಲಾವಣೆ, ಆರೋಗ್ಯ ಇವು ಮುಖ್ಯ ಕಾರಣಗಳು. ಭಾರತ, ಬ್ರೆಜಿಲ್, ನೈಜೀರಿಯ, ಕೊರಿಯಗಳಂತಹ ಹೊಸ ದೇಶಗಳಿಂದ ಹೋದವರಲ್ಲಿ ಅಗ್ರಸ್ಥಾನ ಯಾವುದಕ್ಕೆ? ತವರಿನ ಬೆಂಬಲ ಸಾಲದೆ ಹೋದದ್ದಕ್ಕೆ! ಎಂದರೆ ಹಗ್ಗ ಸಡಿಲಾದದ್ದಕ್ಕೆ. ಸಹೋದ್ಯೋಗಿಗಳೊಡನೆ ವೈಮನಸ್ಯ, ಸಂಸ್ಥೆಯೊಡನೆ ಭಿನ್ನಾಭಿಪ್ರಾಯಗಳೂ ಮುಂದಿನ ಸಾಲಿನಲ್ಲಿವೆ. ಶ್ರೀರಾಮಪುರದ ಹಳೆಯ ಜಗಳ ಇನ್ನೂ ಮುಗಿದಿಲ್ಲವೆಂದೇ ಹೇಳಬೇಕು.

ಈ ಸಂಗತಿ ನಮಗೆ ಇಂದು ಹೆಚ್ಚು ಸಮೀಪದ್ದು. ಭಾರತದಲ್ಲಿ ಈಗ ದುಡಿಯುವ ಮಿಶನರಿಗಳಲ್ಲಿ ಬಹುಪಾಲು ಜನ ಭಾರತೀಯರೇ. ತಿರುನೆಲ್ವೇಲಿಯಲ್ಲಿ ೧೯೦೩ರಲ್ಲೂ ಶ್ರೀರಾಮಪುರದಲ್ಲಿ ೧೯೦೫ರಲ್ಲೂ ಸ್ವದೇಶೀ ಮಿಶನ್ ಸಂಘಗಳು ಹುಟ್ಟಿದ ಮೇಲೆ ಈ ಧಾರೆ ಬೆಳೆಯುತ್ತ ಬಂದಿದೆ. ತಮಿಳುನಾಡಿನಿಂದಲೋ ಮಿಜೋರಾಮಿನಿಂದಲೋ ಉತ್ತರದ ಹಳ್ಳಿಯೊಂದಕ್ಕೆ ಹೋದ ದಂಪತಿಗಳಿಗೆ ಅಲ್ಲಿಯ ಭಾಷೆ, ಆಹಾರ, ಚಳಿ ಎಲ್ಲವೂ ಪರದೇಶವೇ. ಆದರೆ ‘ನಮ್ಮ ದೇಶದೊಳಗೇ ಇದ್ದಾರಲ್ಲ’ ಎಂದು ತವರಿನವರು ಅವರ ಕಷ್ಟವನ್ನು ಹಗುರವಾಗಿ ಎಣಿಸುವ ಸಂಭವ ಹೆಚ್ಚು.

ಹಗ್ಗ ಹಿಡಿಯುವ ಬಗೆ

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಕಳುಹಿಸುವ ಮುನ್ನ ವಿಚಾರಿಸಬೇಕು. ಉತ್ಸಾಹವೊಂದನ್ನೇ ನೋಡಿ ಯಾರನ್ನೂ ಅಟ್ಟಬಾರದು. ದೇಹದ ಆರೋಗ್ಯದಂತೆ ಮನಸ್ಸಿನ ನಿಲುಕನ್ನೂ ಅರಿಯಬೇಕು. ವಿವಾಹಿತರಾದರೆ ಗಂಡಹೆಂಡಿರಿಬ್ಬರನ್ನೂ ಪ್ರತ್ಯೇಕವಾಗಿ ಕೇಳಬೇಕು.

ಎರಡನೆಯದಾಗಿ, ಭಾಷೆ ಕಲಿಯಲು ಬಿಡುವು ಕೊಡಬೇಕು. ಮೊದಲ ವರ್ಷದಿಂದಲೇ ಫಲದ ಲೆಕ್ಕ ಕೇಳುವವರು ಬೀಜವನ್ನು ಕೆದಕಿ ನೋಡುವ ರೈತನಂತೆ ಆತುರಗಾರರು. ಭಾಷೆ ಬಾರದವನು ನೆರೆಯವರೊಡನೆ ನಗಲಾರ, ಅಂಗಡಿಯಲ್ಲಿ ಚೌಕಾಸಿ ಮಾಡಲಾರ. ಜನರ ನಡುವೆ ಇದ್ದೂ ಒಬ್ಬಂಟಿ.

ಮೂರನೆಯದಾಗಿ, ಒಪ್ಪಿಕೊಂಡ ಹಣ ತಿಂಗಳು ತಪ್ಪದೆ ಮುಟ್ಟಬೇಕು. ಮಕ್ಕಳ ಶಾಲೆಯ ಶುಲ್ಕ, ಆಸ್ಪತ್ರೆಯ ಖರ್ಚು, ವೃದ್ಧಾಪ್ಯದ ನೆಲೆ ಇವು ಆ ಹಣದಲ್ಲಿ ಸೇರಿರಬೇಕು. ತ್ಯಾಗ ಮಾಡಿದವನು ಅರೆಹೊಟ್ಟೆಯಲ್ಲಿರಲಿ ಎಂದು ಬಯಸುವುದು ಧರ್ಮವಲ್ಲ.

ನಾಲ್ಕನೆಯದಾಗಿ, ಪತ್ರ. ಹಿಂದೆ ಸಮುದ್ರದಾಚೆಯ ಕಾಗದಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಈಗ ಕ್ಷಣಮಾತ್ರದಲ್ಲಿ ಮುಖ ನೋಡಿ ಮಾತನಾಡಬಹುದು. ಸೌಕರ್ಯ ಬೆಳೆದಷ್ಟೂ ಮಾತು ಬೆಳೆದಿದೆಯೆ? ಕೆಲಸದ ವರದಿಯನ್ನು ಕೇಳುವವರು ಬಹಳ, ‘ನಿದ್ರೆ ಬರುತ್ತಿದೆಯೆ? ಮಗುವಿನ ಕೆಮ್ಮು ಹೇಗಿದೆ?’ ಎಂದು ಕೇಳುವವರು ಕಡಮೆ. ಉತ್ತರ ಬಂದಾಗ ಉಪದೇಶಕ್ಕೆ ತೊಡಗದೆ ಕೇಳಿಕೊಳ್ಳುವ ಒಬ್ಬ ಸ್ನೇಹಿತನಿದ್ದರೆ ಅವನು ಹತ್ತು ಸಮಿತಿಗಳಿಗೆ ಸಮ.

ಐದನೆಯದಾಗಿ, ಸಹೋದ್ಯೋಗಿಗಳ ಮನಸ್ತಾಪ ಎದ್ದಾಗ ಹೊರಗಿನ ಹಿರಿಯರೊಬ್ಬರು ಹೋಗಿ ಇಬ್ಬರ ಮಾತನ್ನೂ ಕೇಳಬೇಕು. ದೂರದಿಂದ ತೀರ್ಪು ಬರೆದು ಕಳುಹಿಸಿದರೆ ಗಾಯ ಕೀವುಗಟ್ಟುತ್ತದೆ. ವಿಶ್ರಾಂತಿಯ ವಿಷಯದಲ್ಲಿಯೂ ಇದೇ ಕಾಳಜಿ ಬೇಕು. ರಜೆಯಲ್ಲಿ ಊರಿಗೆ ಬಂದವರನ್ನು ದಿನಕ್ಕೊಂದು ಸಭೆಯ ವೇದಿಕೆಗೆ ಹತ್ತಿಸಿದರೆ ಅದು ರಜೆಯಲ್ಲ.

ಮರಳಿದವರನ್ನು ಕಾಣುವ ಬಗೆ

ಕೊನೆಯದಾಗಿ, ಎಲ್ಲ ನೆರವಿನ ನಡುವೆಯೂ ಮರಳಿದವರ ವಿಷಯ. ಹೋಗುವಾಗ ಹಾರ ಹಾಕಿದ ಕೈಗಳು ಬರುವಾಗ ಎಲ್ಲಿ ಅಡಗುತ್ತವೆ? ಬೇಗ ಮರಳಿದವನಿಗೆ ತನ್ನ ಊರೇ ಅಪರಿಚಿತವಾಗಿರುತ್ತದೆ. ಕೆಲಸವಿಲ್ಲ, ಮನೆಯಿಲ್ಲ, ನೆಂಟರ ಪಿಸುಮಾತು ಬೇರೆ. ಸೋತು ಬಂದವನೆಂಬ ಹಣೆಪಟ್ಟಿಯನ್ನು ಅವನಿಗೆ ಹಚ್ಚುವವರು ಇತಿಹಾಸವನ್ನು ಒಮ್ಮೆ ತೆರೆದು ನೋಡಬೇಕು.

ಗುಂಡರ್ಟರು ಮರಳಿದ ಹದಿಮೂರು ವರ್ಷಗಳ ಮೇಲೆ, ೧೮೭೨ರಲ್ಲಿ, ಅವರ ಮಲೆಯಾಳ ನಿಘಂಟು ಪ್ರಕಟವಾಯಿತು. ಐರ್ಲೆಂಡಿನ ಆಮಿ ಕಾರ್ಮೈಕಲ್ ೧೮೯೩ರಲ್ಲಿ ಜಪಾನಿಗೆ ಹೋಗಿ, ಒಂದೂವರೆ ವರ್ಷ ತುಂಬುವ ಮೊದಲೇ ಕಾಯಿಲೆಯಿಂದ ಅಲ್ಲಿಂದ ಹೊರಡಬೇಕಾಯಿತು. ಅಂದಿನವರು ಆಕೆಯನ್ನು ಇನ್ನು ಕೆಲಸಕ್ಕೆ ಬಾರದವಳೆಂದು ಬದಿಗೆ ಸರಿಸಿದ್ದರೆ? ಹಾಗಾಗಲಿಲ್ಲ. ೧೮೯೫ರಲ್ಲಿ ಆಕೆ ನಮ್ಮ ಬೆಂಗಳೂರಿಗೆ ಬಂದರು. ಅಲ್ಲಿಂದ ತಿರುನೆಲ್ವೇಲಿ ಸೀಮೆಗೆ ಹೋಗಿ, ದೋಹನಾವೂರಿನಲ್ಲಿ ಅನಾಥ ಮಕ್ಕಳ ತಾಯಿಯಾಗಿ, ಸ್ವದೇಶದ ಕಡೆ ಒಮ್ಮೆಯೂ ಹೋಗದೆ ೧೯೫೧ರಲ್ಲಿ ಅಲ್ಲಿಯೇ ಮಣ್ಣಾದರು. ಜಪಾನಿನಿಂದ ಮರಳಿದ ರೋಗಿಗೆ ಮತ್ತೊಂದು ಅವಕಾಶ ಸಿಕ್ಕಿದ್ದರಿಂದ ಐವತ್ತೈದು ವರ್ಷಗಳ ಸೇವೆ ಸಾಧ್ಯವಾಯಿತು.

ಕಿಟ್ಟೆಲರೂ ಟ್ಯೂಬಿಂಗನ್‌ನಲ್ಲಿ ಸುಮ್ಮನೆ ಕುಳಿತಿರಲಿಲ್ಲ. ೧೮೯೬ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವರ ಕನ್ನಡ ವ್ಯಾಕರಣ ಪ್ರಕಟವಾದದ್ದು ೧೯೦೩ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕಣ್ಣು ಮುಚ್ಚಿದರು. ದೇಹ ಮರಳಿ ಹನ್ನೊಂದು ವರ್ಷಗಳಾಗಿದ್ದರೂ ಕೆಲಸ ಕನ್ನಡದಲ್ಲಿಯೇ ನಡೆದಿತ್ತು.

ಇಂದು ನಮ್ಮ ಊರಿಗೋ ನೆರೆಗೋ ಹಾಗೆ ಮರಳಿ ಬಂದವರೊಬ್ಬರು ಇದ್ದರೆ, ಅವರು ಯಾವ ಪಂಥದವರೇ ಆಗಲಿ, ‘ಏಕೆ ಬಂದಿರಿ?’ ಎಂಬ ಪ್ರಶ್ನೆಯನ್ನು ತಡೆಹಿಡಿಯೋಣ. ‘ಅಲ್ಲಿಯ ಜನ ಹೇಗಿದ್ದರು? ಹೇಳಿ’ ಎಂದು ಕೇಳಿ, ಬಾಗಿಲಲ್ಲಿ ನಿಲ್ಲಿಸದೆ ಒಳಗೆ ಕರೆದು ಕೂರಿಸೋಣ. ಅವರು ಹೇಳಲು ಬಹಳವಿರುತ್ತದೆ. ಕೇಳುವವರಿಗಾಗಿ ಬಹುಕಾಲದಿಂದ ಕಾದಿರುತ್ತಾರೆ.